ಬ್ರೆನ್ನರ್ ದಾಟುವ ಮಿಶ್ರ ಬೋಗಿಗಳ ರೈಲು: 1:87 ಮಾದರಿ ಜೋಡಿಸುವ ಬಗೆ

ಆಸ್ಟ್ರಿಯಾ–ಇಟಲಿ ಗಡಿಯ ಬ್ರೆನ್ನರ್ ಕಣಿವೆ ದಾಟುವ, ಬೇರೆ ಬೇರೆ ದೇಶಗಳ ಬೋಗಿಗಳಿರುವ ರೈಲನ್ನು ನಿಜಕ್ಕಿಂತ 87 ಪಟ್ಟು ಚಿಕ್ಕದಾಗಿ ಜೋಡಿಸುವುದಾದರೆ, ಮೊದಲು ವರ್ಷ ನಿಗದಿಯಾಗಲಿ. 1970ರ ದಶಕದ ಉತ್ತರಾರ್ಧದ ಮ್ಯೂನಿಕ್–ರೋಮ್ ರೈಲಾದರೆ ಪಶ್ಚಿಮ ಜರ್ಮನಿಯ ರೈಲ್ವೆಯಾದ ಡಿಬಿಯ ಹಳೆಯ ಹಸಿರು ಬೋಗಿ ಮತ್ತು ಹೊಸ ನೀಲಿ-ಬೀಜ್ ಬೋಗಿ ಪಕ್ಕಪಕ್ಕದಲ್ಲೇ ಇರಬಹುದು. ಇಟಲಿಯ ಬೋಗಿಗಳು ಹೆಚ್ಚಾಗಿ ಕಡುಬೂದು.

ಬೋಗಿಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಬೇಡಿ. ಒಂದೇ ಊರಿಗೆ ಹೋಗುವವು ಒಟ್ಟಿಗಿರಬೇಕು, ದಾರಿಯಲ್ಲಿ ಗುಂಪಾಗಿ ಬಿಚ್ಚಲು ಅನುಕೂಲವಾಗುವಂತೆ. ಈ ತರ್ಕ ಕಾಣದ ರೈಲು ಎಷ್ಟೇ ಚೆಂದವಿದ್ದರೂ ನಿಜವೆನಿಸದು.

ಬ್ರೆನ್ನರ್‌ನಲ್ಲಿ ಆ ಕಾಲದಲ್ಲಿ ಎಂಜಿನ್ ಬದಲಾಗಲೇಬೇಕಿತ್ತು: ಆಸ್ಟ್ರಿಯಾದ ಕಡೆ 15 ಕಿಲೋವೋಲ್ಟ್ ಎಸಿ, ಇಟಲಿಯ ಕಡೆ 3 ಕಿಲೋವೋಲ್ಟ್ ಡಿಸಿ. ಉತ್ತರಕ್ಕೆ ಆಸ್ಟ್ರಿಯಾ ರೈಲ್ವೆಯ (ಓಬಿಬಿ) 1042 ಎಂಜಿನ್, ದಕ್ಷಿಣಕ್ಕೆ ಇಟಲಿ ರೈಲ್ವೆಯ (ಎಫ್‌ಎಸ್) ಇ.656 ಹೊಂದುತ್ತದೆ. 1965ಕ್ಕಿಂತ ಹಿಂದಿನ ದೃಶ್ಯವಾದರೆ ಇಟಲಿಯ ಕಡೆ ತ್ರೀ-ಫೇಸ್ ಎಂಜಿನ್ ಬೇಕು.

ನಿಜವಾದ ತಲೆನೋವು ಬೇರೆ ಬೇರೆ ತಯಾರಕರ ಮಾದರಿಗಳನ್ನು ಕೂಡಿಸುವುದರಲ್ಲಿದೆ. 26.4 ಮೀಟರ್ ಬೋಗಿ 303 ಮಿಮೀ ಬರಬೇಕು. 282 ಅಥವಾ 264 ಮಿಮೀಗೆ ಮೊಟಕುಗೊಳಿಸಿದವನ್ನು ಇದರೊಂದಿಗೆ ಸೇರಿಸಿದರೆ ಕಣ್ಣಿಗೆ ಕುಕ್ಕುತ್ತದೆ. ಎಲ್ಲ ಬೋಗಿಗಳಿಗೂ ಒಂದೇ ಬಗೆಯ ಕಪ್ಲಿಂಗ್ (ಬೋಗಿ ಜೋಡಿಸುವ ಕೊಂಡಿ) ಹಾಕಿ, ಅದನ್ನು ಸಿಕ್ಕಿಸುವ ಗೂಡಾದ ಎನ್‌ಇಎಂ 362 (ಯುರೋಪಿನ ಮಾದರಿ ರೈಲು ಮಾನದಂಡ) ಪಾಕೆಟ್‌ನ ಎತ್ತರ ಪರೀಕ್ಷಿಸಿ. ಪಾಕೆಟ್ ಜೋತುಬಿದ್ದಿದ್ದರೆ ಏರು ಶುರುವಾಗುವಲ್ಲಿ ರೈಲು ತುಂಡಾಗುತ್ತದೆ. ಕೆಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಎತ್ತಿ. ನಡುವೆ ಇನ್ನೊಂದು ವಿದ್ಯುತ್ ಹಳಿ ಇರುವ ಮೂರು-ಹಳಿ ವ್ಯವಸ್ಥೆಯ ಇನ್ಸುಲೇಶನ್ ಇಲ್ಲದ ಚಕ್ರಗಳು ಎರಡು-ಹಳಿ ಡಿಸಿಯಲ್ಲಿ ಶಾರ್ಟ್ ಮಾಡುತ್ತವೆ. ಈ ಚಕ್ರಗಳನ್ನು ಬದಲಿಸುವಾಗ ಆಕ್ಸಲ್ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ: ಉದ್ದವಾದರೆ ಚಕ್ರ ಬಿಗಿಯುತ್ತದೆ, ಗಿಡ್ಡವಾದರೆ ಬೋಗಿ ಓಲಾಡುತ್ತದೆ.

ಹಗುರ ಬೋಗಿ ಎಂಜಿನ್‌ ಪಕ್ಕದಲ್ಲಿದ್ದರೆ ತಿರುವಿನಲ್ಲಿ ಒಳಕ್ಕೆ ಮಗುಚುತ್ತದೆ. ಅದನ್ನು ಹಿಂದಕ್ಕೆ ಹಾಕಿ, ಇಲ್ಲವೇ ನೆಲದ ಮಟ್ಟದಲ್ಲೇ ತೂಕ ಸೇರಿಸಿ.