ಲೆದರ್ ಸೀಟಿಗೆ ಸರಿಯಾದ ಬ್ರಷ್: ನನ್ನ ಅನುಭವ

ಮಂಡ್ಯದ ಕಡೆಯ ಒಬ್ಬ ರೈತರ ಕಾರು. ಒಳಗೆ ಕೆನೆ ಬಣ್ಣದ ಲೆದರ್ ಸೀಟು. ಡ್ರೈವರ್ ಸೀಟಿನ ಬಲ ಅಂಚು, ಅಂದರೆ ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗ, ಎಣ್ಣೆ ಸವರಿದ ಹಾಗೆ ಕಪ್ಪಗೆ ಮಿಂಚುತ್ತಿತ್ತು. ಮೈಸೂರಿನ ಕುವೆಂಪುನಗರದಲ್ಲಿ ನಾನು ಕಾರಿನ ಒಳಗೆ ಕ್ಲೀನ್ ಮಾಡುವ ಕೆಲಸ ಶುರು ಮಾಡಿ ಆಗಿನ್ನೂ ನಾಲ್ಕೇ ತಿಂಗಳು. ಬಟ್ಟೆ ಒಗೆಯುವ ನೈಲಾನ್ ಬ್ರಷ್ ತಗೊಂಡು, ನೊರೆ ಹಾಕಿ ಗಸಗಸ ಉಜ್ಜಿದೆ. ಕೊಳೆ ಹೋಯಿತು. ಒಣಗಿದ ಮೇಲೆ ನೋಡಿದರೆ ಅಂಗೈ ಅಗಲ ಬಣ್ಣವೂ ಹೋಗಿತ್ತು.

ಅವರನ್ನು ಕರೆದು ತೋರಿಸಿದೆ. "ಬುಡಪ್ಪ, ಗೊತ್ತಿಲ್ದೆ ಆಗೋಗದೆ" ಅಂದರು. ಆದರೂ ನನ್ನ ದುಡ್ಡಲ್ಲೇ ಆ ಅಂಚಿಗೆ ಬಣ್ಣ ಕೂಡಿಸಿ ಕೊಟ್ಟೆ. ಅವತ್ತಿನಿಂದ ಸೀಟಿಗೆ ಬ್ರಷ್ ಮುಟ್ಟಿಸುವ ಮೊದಲು ಯೋಚನೆ ಮಾಡುತ್ತೇನೆ.

ಈಗಿನ ಬಹುತೇಕ ಕಾರುಗಳ ಲೆದರ್ ಮೇಲೆ ಬಣ್ಣದ ಪದರ ಇರುತ್ತದೆ. ಅದರ ಮೇಲೆ ಇನ್ನೊಂದು ತೆಳು ಪಾಲಿಯುರೆಥೇನ್ ಪದರ. ನಾವು ತೊಳೆಯುವುದು ಚರ್ಮವನ್ನಲ್ಲ, ಈ ಪದರವನ್ನು. ಅದರಲ್ಲಿ ಸಣ್ಣ ಸಣ್ಣ ಗೆರೆ, ತಗ್ಗು ಇರುತ್ತವೆ. ಬೆವರು, ಮೈ ಎಣ್ಣೆ, ಜೀನ್ಸ್ ಪ್ಯಾಂಟಿನ ನೀಲಿ ಎಲ್ಲ ಅಲ್ಲೇ ಕೂರುತ್ತವೆ. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಉಬ್ಬಿನ ಮೇಲೆ ಜಾರಿ ಹೋಗುತ್ತದೆ, ತಗ್ಗಿನ ಕೊಳೆ ಹಾಗೇ ಉಳಿಯುತ್ತದೆ. ದಪ್ಪ ನೈಲಾನ್ ಎಳೆಯೂ ತಗ್ಗಿಗೆ ಇಳಿಯಲ್ಲ, ಉಬ್ಬನ್ನು ಮಾತ್ರ ಕೆರೆಯುತ್ತದೆ. ನಾನು ಮಾಡಿದ ತಪ್ಪು ಅದೇ. ಎಳೆ ತೆಳ್ಳಗಿರಬೇಕು, ಬಾಗಬೇಕು, ತುದಿ ಒಳಗೆ ಹೋಗಬೇಕು. ಅದಕ್ಕೆ ಕುದುರೆ ಕೂದಲಿನಷ್ಟು ಚೆನ್ನಾಗಿ ಒಗ್ಗುವುದು ನನಗೆ ಬೇರೆ ಸಿಕ್ಕಿಲ್ಲ.

ಸಂತೇಪೇಟೆಯಲ್ಲಿ ಹುಡುಕಿದಾಗ ಷೂ ಪಾಲಿಷ್ ಬ್ರಷ್‌ಗಳು ಸಿಕ್ಕವು. ಎಲ್ಲದಕ್ಕೂ ಕುದುರೆ ಕೂದಲು ಅಂತಲೇ ಹೇಳಿದರು. ನಾಲ್ಕು ಬ್ರಷ್ ತಗೊಂಡು ಬಂದು, ಒಂದೊಂದರಿಂದ ಒಂದೊಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದೆ. ಎರಡರ ಎಳೆ ಸುರುಟಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಅದು ನೈಲಾನ್. ಇನ್ನೆರಡು ಚುರುಚುರು ಅಂತ ಸುಟ್ಟು, ತಲೆಕೂದಲು ಸುಟ್ಟ ವಾಸನೆ ಬಂತು. ಬೆರಳಲ್ಲಿ ಒತ್ತಿದರೆ ಪುಡಿ. ಅದು ಪ್ರಾಣಿಯ ಕೂದಲು. ಹಂದಿ ಕೂದಲು ಸುಟ್ಟರೂ ಹೀಗೇ, ಆದರೆ ಅದು ಕೈಗೆ ಒರಟು, ಚುಚ್ಚುತ್ತದೆ. ಹಾಗೆ ಚುಚ್ಚಿದ ಬ್ರಷ್ಷನ್ನು ಕಾರಿನ ಮ್ಯಾಟ್ ಉಜ್ಜಲು ಇಟ್ಟುಕೊಂಡೆ. ಕುದುರೆಯಲ್ಲೂ ಬಾಲದ ಕೂದಲು ಸ್ವಲ್ಪ ಬಿರುಸು, ಕುತ್ತಿಗೆಯದು ಮೆತ್ತಗೆ. ನಾನು ಬ್ರಷ್ಷನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ಕೆನ್ನೆಗೆ ಚುಚ್ಚಿದರೆ ಸೀಟಿಗೆ ಬೇಡ.

ಕೂದಲಿನ ಉದ್ದವನ್ನೂ ನೋಡಿ. ತೀರಾ ಗಿಡ್ಡ ಇದ್ದರೆ ಮೆತ್ತನೆ ಕೂದಲೂ ಬಿರುಸಾಗುತ್ತದೆ. ಮರದ ಹಿಡಿಯ ಮೂಲೆ ಚೂಪಾಗಿದ್ದರೆ ಉಪ್ಪು ಕಾಗದದಲ್ಲಿ ತಿಕ್ಕಿ ದುಂಡಗೆ ಮಾಡಿಕೊಳ್ಳಿ. ಇಲ್ಲದಿದ್ದರೆ ಗೇರ್ ಪಕ್ಕದ ಪ್ಲಾಸ್ಟಿಕ್‌ಗೆ ತಗುಲಿ ಗೀರು ಬೀಳುತ್ತದೆ.

ನೈಲಾನ್ ಪೂರ್ತಿ ಬೇಡ ಅಂತಲ್ಲ. ರೆಕ್ಸಿನ್ ಸೀಟಿಗೆ ತೆಳು ಎಳೆಯ ಮೆತ್ತನೆ ನೈಲಾನ್ ಸಾಕು. ನಮ್ಮಲ್ಲಿ ಲೆದರ್ ಅಂತ ಬರುವ ಎಷ್ಟೋ ಸೀಟು ರೆಕ್ಸಿನ್ನೇ, ಅಲ್ವಾ? ಹೊಲಿಗೆಯ ಸಾಲಿಗೆ ಮಕ್ಕಳ ಟೂತ್‌ಬ್ರಷ್ ಬಳಸುತ್ತೇನೆ.

ಆದರೆ ಮೊದಲು ಸೀಟಿನ ಹಿಂಬದಿ, ಕಾಣದ ಕಡೆ, ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಮೇಲೆ ಪದರ ಇದೆ. ಇಂಗಿ ಅಲ್ಲಿ ಕಪ್ಪಾದರೆ ಅದು ಪದರ ಇಲ್ಲದ ಚರ್ಮ. ಅಂಥದ್ದಕ್ಕೆ ನೊರೆ ಹಾಕಿ ಬ್ರಷ್ ಮಾಡಲು ಹೋಗಬೇಡಿ. ನಾನೂ ಅಂಥ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಮರಳು, ಧೂಳನ್ನು ವ್ಯಾಕ್ಯೂಮ್ ಮಾಡದೆ ಬ್ರಷ್ ಹಿಡಿದರೆ ಎಂಥಾ ಮೆತ್ತನೆ ಕೂದಲೂ ಉಪ್ಪು ಕಾಗದದ ಕೆಲಸ ಮಾಡುತ್ತದೆ. ಲೆದರ್ ಕ್ಲೀನರ್ ಅನ್ನು ಸೀಟಿಗೆ ಹೊಡೆಯಬೇಡಿ, ಬ್ರಷ್‌ಗೆ ಹಾಕಿ. ತೂತು ತೂತಿರುವ ಸೀಟಾದರೆ ಇದು ಇನ್ನೂ ಮುಖ್ಯ, ನೀರು ಒಳಗಿನ ಸ್ಪಂಜಿಗೆ ಇಳಿದರೆ ಬೇಗ ಒಣಗಲ್ಲ. ಒಂದು ಸಲಕ್ಕೆ ಅಂಗೈ ಅಗಲದ ಎರಡು ಮೂರು ಜಾಗ ಮಾತ್ರ. ಕೈಯ ಭಾರ ಹಾಕದೆ ಸುತ್ತು ಸುತ್ತಾಗಿ ಆಡಿಸಿ. ಬಿಳಿ ನೊರೆ ಮೆಲ್ಲಗೆ ಟೀ ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿಗೆ ನಿಲ್ಲಿಸಿ, ನೊರೆ ಒಣಗುವ ಮೊದಲೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಎತ್ತಿಬಿಡಿ. ಬ್ರಷ್‌ನ ಕೆಲಸ ಕೊಳೆಯನ್ನು ಸಡಿಲ ಮಾಡುವುದಷ್ಟೇ, ತೆಗೆಯುವುದು ಬಟ್ಟೆ. ಹೋಗದಿದ್ದರೆ ಇನ್ನೊಂದು ಸಲ ಮಾಡಿ, ಜೋರಾಗಿ ಮಾತ್ರ ಬೇಡ.

ಆ ರೈತರು ಕಳೆದ ಏಪ್ರಿಲ್‌ನಲ್ಲಿ ಮತ್ತೆ ಕಾರು ತಂದಿದ್ದರು. ಕ್ಲೀನ್ ಆದ ಮೇಲೆ ಸೀಟಿನ ಅಂಚು ಸವರಿ, "ಮಿಂಚೇ ಇಲ್ವಲ್ಲಪ್ಪ?" ಅಂದರು. ಪದರದ ಲೆದರ್ ಹೊಸದರಲ್ಲಿ ಹೆಚ್ಚಾಗಿ ಮಂಕಾಗೇ ಇರುತ್ತದೆ ಅಣ್ಣ, ಆ ಮಿಂಚೆಲ್ಲ ಎಣ್ಣೆ ಕೊಳೆಯದು ಅಂದೆ. ಯಾರೂ ಕೂರದ ಹಿಂದಿನ ಸೀಟಿನ ಮೂಲೆ ಮುಟ್ಟಿಸಿ ತೋರಿಸಿದೆ. ಎರಡೂ ಒಂದೇ ಥರ ಇತ್ತು.

ಕೆಲಸ ಮುಗಿದ ಮೇಲೆ ಬ್ರಷ್ಷನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಕೊಡವಿ, ಕೂದಲು ಕೆಳಗಾಗಿ ನೆರಳಲ್ಲಿ ತೂಗು ಹಾಕುತ್ತೇನೆ. ಕೂದಲು ಮೇಲಾಗಿ ಇಟ್ಟರೆ ನೀರು ಮರಕ್ಕೆ ಇಳಿದು ಬುಡ ಸಡಿಲವಾಗುತ್ತದೆ, ಆಮೇಲೆ ಸೀಟಿನ ತುಂಬ ಕೂದಲು.