ಕಿಟಕಿ ಗಾಜಿನ ಕೆಲಸಕ್ಕೆ ವರ್ಷದ ಒಪ್ಪಂದ: ನನ್ನ ಅನುಭವ

ಬೆಂಗಳೂರಿನ ಸರ್ಜಾಪುರ ರಸ್ತೆ ಮತ್ತು ಬೆಳ್ಳಂದೂರಿನ ನಡುವಿನ ಹದಿನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳಲ್ಲಿ ಸುಮಾರು 640 ಮನೆಗಳ ಕಿಟಕಿಗಳನ್ನು ನಮ್ಮ ತಂಡ ಇಂದು ವರ್ಷಕ್ಕೆ ನಾಲ್ಕು ಸಲ ಸ್ವಚ್ಛಗೊಳಿಸುತ್ತಿದೆ. 2017ರಲ್ಲಿ ಒಂದು ಬಕೆಟ್, ಎರಡು ಸ್ಕ್ವೀಜಿ (ಗಾಜಿನ ಮೇಲಿನ ನೀರನ್ನು ಎಳೆದು ತೆಗೆಯುವ ರಬ್ಬರ್ ಪಟ್ಟಿ) ಮತ್ತು ಹಳೆಯ ಸ್ಕೂಟರಿನೊಂದಿಗೆ ಒಬ್ಬನೇ ಹೊರಟಾಗ ಹೀಗೆ ಆಗುತ್ತದೆಂದು ಹೇಳಿದವರು ಯಾರೂ ಇರಲಿಲ್ಲ. ಅದಕ್ಕೆ ಮೊದಲು ಆರು ವರ್ಷ ನಾನು ಒಂದು ಟೆಕ್ ಪಾರ್ಕಿನ ಹೌಸ್‌ಕೀಪಿಂಗ್ ವಿಭಾಗದಲ್ಲಿದ್ದೆ. ಅಲ್ಲಿನ ಸೂಪರ್‌ವೈಸರ್ ನನ್ನ ಮೇಲಿನ ಪ್ರೀತಿಯಿಂದಲೇ ಕೇಳಿದ್ದರು: "ಮನೆಗೆಲಸದವರು ಹಳೇ ಬಟ್ಟೆ ಹಿಡಿದು ಒರೆಸೋ ಕಿಟಕಿಗೆ ನಿನಗೆ ಯಾರಪ್ಪ ಸಾವಿರಗಟ್ಟಲೆ ಕೊಡ್ತಾರೆ?" ಮೊದಲ ಎರಡು ವರ್ಷಗಳ ಮಟ್ಟಿಗೆ ಅವರ ಮಾತೇ ಸರಿಯಾಗಿತ್ತು.

ಆಗ ಕರೆದವರ ಮನೆಗೆಲ್ಲ ಹೋಗುತ್ತಿದ್ದೆ. ಬೆಳಿಗ್ಗೆ ಯಲಹಂಕದಲ್ಲಿ ಒಂದು ಮನೆಯಾದರೆ ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು. ಕಿಟಕಿಗೆ 150 ರೂಪಾಯಿ ಎಂದು ಹೇಳಿ, ಚೌಕಾಸಿಯಲ್ಲಿ ನೂರಕ್ಕೆ ಇಳಿದು, ಪೆಟ್ರೋಲ್ ಕಳೆದು ತಿಂಗಳಿಗೆ ಹದಿನೆಂಟು ಸಾವಿರದಷ್ಟು ಉಳಿಯುತ್ತಿತ್ತು. ಒಮ್ಮೆ ಕರೆದ ಮನೆಯವರು ಮತ್ತೆ ಕರೆಯುವುದು ಮುಂದಿನ ದೀಪಾವಳಿಗೇ. ಅಷ್ಟರಲ್ಲಿ ಬೋರ್‌ವೆಲ್ ನೀರಿನ ಹನಿಗಳು ಒಣಗಿ ಒಣಗಿ ಗಾಜಿನ ಮೇಲೆ ಬಿಳಿಯ ಪದರವಾಗಿ ಕುಳಿತಿರುತ್ತಿದ್ದವು, ಶಟರುಗಳ, ಅಂದರೆ ಕಿಟಕಿಯ ಸರಿಸುವ ಗಾಜಿನ ಬಾಗಿಲುಗಳ, ಹಳಿಯಲ್ಲಿ ಮಣ್ಣು ಗಟ್ಟಿಯಾಗಿರುತ್ತಿತ್ತು. ಒಂದು ಮೂರು ಬೆಡ್‌ರೂಮಿನ ಮನೆಗೆ, ಅಂದರೆ ಇಪ್ಪತ್ತೆರಡರಷ್ಟು ಗಾಜಿನ ಶಟರುಗಳಿಗೆ, ಸೊಳ್ಳೆ ಪರದೆಗಳೂ ಸೇರಿ ಇಡೀ ದಿನ ಹಿಡಿಯುತ್ತಿತ್ತು.

ದಾರಿ ತೋರಿಸಿದ್ದು ಬ್ಯಾಂಕಿನಿಂದ ನಿವೃತ್ತರಾಗಿದ್ದ ಒಬ್ಬ ಅಮ್ಮನವರು. ಅವರಿಗೆ ಧೂಳಿನ ಅಲರ್ಜಿ ಇದ್ದುದರಿಂದ ಮೂರು ತಿಂಗಳಿಗೊಮ್ಮೆ ಕರೆಸುತ್ತಿದ್ದರು. ಅವರ ಮನೆಗೆ ಮೊದಲ ಸಲ ಏಳು ಗಂಟೆ ಹಿಡಿದಿತ್ತು, ಮೂರನೆಯ ಸಲ ಮೂರೂವರೆ ಗಂಟೆಗೆ ಮುಗಿಯಿತು. "ಏನಪ್ಪಾ, ಇಷ್ಟು ಬೇಗ? ಎಲ್ಲಾ ಮಾಡಿದೆಯಾ?" ಎಂದು ಪ್ರತಿ ಗಾಜಿಗೂ ಬೆರಳಾಡಿಸಿ ನೋಡಿದರು. ಎಲ್ಲಾ ಆಗಿತ್ತು, ಕಲೆಗೆ ಗಾಜನ್ನು ಕಚ್ಚಲು ಸಮಯ ಸಿಕ್ಕಿರಲಿಲ್ಲ, ಅಷ್ಟೆ. ಆ ರಾತ್ರಿ ಮನೆಗೆ ಬಂದು ಲೆಕ್ಕ ಬರೆದೆ. ಇಂಥದ್ದೇ ಮನೆಗಳು ಒಂದೇ ಗೇಟಿನೊಳಗೆ ನಲವತ್ತು ಸಿಕ್ಕರೆ, ದರವನ್ನು ಮೊದಲ ಭೇಟಿಯ ಶ್ರಮಕ್ಕಲ್ಲದೆ ಎರಡನೆಯ ಭೇಟಿಯ ಶ್ರಮಕ್ಕೆ ನಿಗದಿ ಮಾಡಬಹುದು ಎಂಬುದು ಸ್ಪಷ್ಟವಾಯಿತು. ಶಟರಿಗೆ ಎರಡೂ ಬದಿ ಸೇರಿ 60 ರೂಪಾಯಿ. ವರ್ಷಕ್ಕೆ ನಾಲ್ಕು ಭೇಟಿ. ಎರಡು ಕಂತಿನಲ್ಲಿ ಮುಂಗಡ ಕೊಟ್ಟರೆ ರಿಯಾಯಿತಿಯಲ್ಲಿ ಮೂರು ಬೆಡ್‌ರೂಮಿನ ಮನೆಗೆ ಒಟ್ಟು 4,800 ರೂಪಾಯಿ. ಮೊದಲ ಭೇಟಿಯಲ್ಲಿ ನಷ್ಟವಾಗುತ್ತದೆ, ಮೂರನೆಯದರಲ್ಲಿ ಅದು ತುಂಬಿಬರುತ್ತದೆ. ಇದೇ ಕೆಲಸದಲ್ಲಿದ್ದ ಗೆಳೆಯರು ಮೊದಲ ಸಲ ಮಾಡಿಸಿಕೊಂಡು ಜನ ಕೈಬಿಡುತ್ತಾರೆ ಎಂದರು. ಕೈಬಿಟ್ಟವರು ನೂರಕ್ಕೆ ಏಳೆಂಟು ಮಂದಿ ಮಾತ್ರ, ಮುಂಗಡ ಪಡೆದಿದ್ದರಿಂದ ಅವರಿಂದಲೂ ದೊಡ್ಡ ಪೆಟ್ಟು ಬೀಳಲಿಲ್ಲ.

ಆದರೆ ಇದನ್ನು ಕಂಡುಕೊಂಡ ಮೇಲೂ ನಾನು ಒಂದು ವರ್ಷ ಅಡ್ಡದಾರಿ ಹಿಡಿದೆ. 2019ರಲ್ಲಿ ಹನ್ನೊಂದು ಮಹಡಿಯ ಕಚೇರಿ ಕಟ್ಟಡವೊಂದರ ಹೊರಗಾಜಿನ ಕೆಲಸ ಉಪಗುತ್ತಿಗೆಯಾಗಿ ಸಿಕ್ಕಿತು. ಹಗ್ಗದ ಕೆಲಸದ ತರಬೇತಿ ಪಡೆದ ನಾಲ್ವರನ್ನು ದಿನಗೂಲಿಗೆ ಕರೆತಂದು, ಪ್ರತಿಯೊಬ್ಬರಿಗೂ ಕೆಲಸದ ಹಗ್ಗವೊಂದು ಮತ್ತು ಬೇರೆ ಆಧಾರಕ್ಕೆ ಕಟ್ಟಿದ ಸುರಕ್ಷತಾ ಹಗ್ಗವೊಂದು ಎಂಬ ನಿಯಮದಲ್ಲಿ ರಾಜಿಯಾಗದೆ ಕೆಲಸ ಮುಗಿಸಿಕೊಟ್ಟೆವು. ಕೆಲಸದಲ್ಲಿ ಕುಂದಿರಲಿಲ್ಲ, ಹಣ ಮಾತ್ರ ಬರಲಿಲ್ಲ. ನನಗೂ ಕಟ್ಟಡದವರಿಗೂ ನಡುವೆ ಇಬ್ಬರು ಗುತ್ತಿಗೆದಾರರಿದ್ದರು. ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾ ಐದು ತಿಂಗಳು ಕಳೆದರು. ಕೊನೆಗೆ ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು ಮುಳುಗಿತು. ಹಗ್ಗದವರ ಕೂಲಿಯನ್ನು ಹೆಂಡತಿಯ ಬಳೆ ಅಡವಿಟ್ಟು ಕೊಟ್ಟೆ. ಎತ್ತರದ ಕಟ್ಟಡಗಳ ಕೆಲಸದಲ್ಲಿ ಹಣವಿದೆ, ಆದರೆ ಅದು ಮೂರು ತಿಂಗಳು ಕೈಯಿಂದ ಸಂಬಳ ಕೊಡಬಲ್ಲವರಿಗೆ. ಆಮೇಲೆ ನಾನು ಆ ಕಡೆ ಹೋಗಿಲ್ಲ.

ಗಾಜಿಗೆ ಗೀರು ಬಿದ್ದ ಪ್ರಕರಣವೊಂದನ್ನು ಇದಕ್ಕಿಂತ ವಿವರವಾಗಿ ಹೇಳಬೇಕು, ಏಕೆಂದರೆ ಈ ಕೆಲಸದಲ್ಲಿರುವವರೆಲ್ಲ ಒಂದಲ್ಲ ಒಂದು ದಿನ ಅದನ್ನು ಎದುರಿಸುತ್ತಾರೆ. ಗೃಹಪ್ರವೇಶಕ್ಕೆ ನಾಲ್ಕು ದಿನ ಇದ್ದ ಹೊಸ ಮನೆ. ಗಾಜಿನ ಮೇಲೆಲ್ಲ ಪುಟ್ಟಿ ಮತ್ತು ಪೇಂಟಿನ ಚುಕ್ಕೆಗಳು. ನನ್ನ ಹುಡುಗ ಹೊಸ ಬ್ಲೇಡ್ ಹಾಕಿ, ಗಾಜನ್ನು ಚೆನ್ನಾಗಿ ನೆನೆಸಿ, ಪದ್ಧತಿಯಂತೆಯೇ ಕೆರೆದಿದ್ದ. ಸಂಜೆ ಪಶ್ಚಿಮದ ಬಿಸಿಲು ಓರೆಯಾಗಿ ಬಿದ್ದಾಗ ಬಾಲ್ಕನಿಯ ಗಾಜಿನ ತುಂಬ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಎದ್ದು ಕಂಡವು. ಒಟ್ಟು ಹನ್ನೊಂದು ಶಟರುಗಳು ಹಾಗಾಗಿದ್ದವು. ಟಫನ್ಡ್ ಗಾಜನ್ನು ಗಟ್ಟಿಗೊಳಿಸಲೆಂದು ಕುಲುಮೆಯಲ್ಲಿ ಕಾಯಿಸುವಾಗ ಗಾಜಿನ ಪುಡಿ ಮೇಲ್ಮೈಗೆ ಅಂಟಿಕೊಂಡುಬಿಟ್ಟಿದ್ದರೆ, ಬ್ಲೇಡು ಆ ಕಣಗಳನ್ನು ಕಿತ್ತು ಗಾಜಿನುದ್ದಕ್ಕೂ ಎಳೆಯುತ್ತದೆ. ತಪ್ಪು ಗಾಜಿನದ್ದು. ಆದರೆ ಗೃಹಪ್ರವೇಶದ ಮನೆಯ ಯಜಮಾನರಿಗೆ ಅದನ್ನು ವಿವರಿಸುವ ಹೊತ್ತು ಅದಲ್ಲ. 38,000 ರೂಪಾಯಿ ಕೊಟ್ಟೆ. ಅಂದಿನಿಂದ ಹೊಸ ಮನೆಗೆ ಹೋದರೆ ಮೊದಲು ಒಂದು ಮೂಲೆಯಲ್ಲಿ ಅಂಗೈಯಗಲ ಕೆರೆದು ನೋಡುತ್ತೇವೆ, ಕೆರೆಯುವಾಗ ಬೆರಳಿಗೆ ಮರಳಿನ ಅನುಭವವಾದರೆ ಬ್ಲೇಡನ್ನು ಪೆಟ್ಟಿಗೆಗೆ ಹಾಕುತ್ತೇವೆ, ಮನೆಯವರಿಂದ ಒಂದು ಹಾಳೆಗೆ ಸಹಿ ಪಡೆದ ನಂತರವೇ ಮುಂದುವರಿಯುತ್ತೇವೆ.

ಗಟ್ಟಿಯಾದ ಬಿಳಿ ಕಲೆಗೆ ನಾವು ಬಳಸುವ ದ್ರಾವಣದ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹದಕ್ಕೆ ತರಲು ನನಗೆ ಒಂದೂವರೆ ವರ್ಷ ಹಿಡಿದಿದೆ. ಇಷ್ಟು ಮಾತ್ರ ಹೇಳಬಲ್ಲೆ: ಟಾಯ್ಲೆಟ್ ತೊಳೆಯುವ ಆ್ಯಸಿಡ್ ಗಾಜಿಗಿಂತ ಮೊದಲು ಅಲ್ಯೂಮಿನಿಯಂ ಚೌಕಟ್ಟಿನ ಬಣ್ಣವನ್ನು ತಿನ್ನುತ್ತದೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಗ್ರಿಲ್ಲಿನ ಸರಳುಗಳ ಸಂದಿನಿಂದ ಹೊರಬದಿಯ ಗಾಜನ್ನು ಒರೆಸಲು ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ ಮಾಡಿಸಿದ ಹಿಡಿಯ ಅಳತೆಯೂ ನಮ್ಮಲ್ಲೇ ಇರಲಿ.

ನೀರಿನ ಬಗ್ಗೆ ಮುಚ್ಚಿಡುವಂಥದ್ದೇನಿಲ್ಲ. ವಿಲ್ಲಾಗಳ ಮೇಲ್ಗಾಜುಗಳಿಗೆ ಉದ್ದನೆಯ ಕೋಲಿನ ಬ್ರಷ್‌ನಿಂದ ಶುದ್ಧ ನೀರು ಹರಿಸಿ ಒರೆಸದೆ ಒಣಗಲು ಬಿಡುವ ಪದ್ಧತಿಯನ್ನು ನಾನು ಆರಂಭಿಸಿದಾಗ, ಸೋಪಿಲ್ಲದೆ, ಒರೆಸದೆ ಗಾಜು ಸ್ವಚ್ಛವಾಗುತ್ತದೆಂದು ಮನೆಯವರೂ ನಂಬಲಿಲ್ಲ, ನನ್ನ ಹುಡುಗರೂ ನಂಬಲಿಲ್ಲ. ಮೊದಲ ಪ್ರಯತ್ನ ಸೋತಿತು ಕೂಡ. ಸರ್ಜಾಪುರ ರಸ್ತೆಯ ಬೋರ್‌ವೆಲ್ ನೀರಿನ ಟಿ.ಡಿ.ಎಸ್. (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಸಾವಿರ ಪಿ.ಪಿ.ಎಂ., ಅಂದರೆ ಲೀಟರಿಗೆ ಸಾವಿರ ಮಿಲಿಗ್ರಾಂ, ಆಸುಪಾಸಿನಲ್ಲಿತ್ತು. ಅದನ್ನು ನೇರವಾಗಿ ರೆಸಿನ್ ಸಿಲಿಂಡರಿಗೆ, ಅಂದರೆ ಲವಣಗಳನ್ನು ಹೀರಿಕೊಳ್ಳುವ ಸಣ್ಣ ಮಣಿಗಳನ್ನು ತುಂಬಿದ ಸಿಲಿಂಡರಿಗೆ, ಬಿಟ್ಟೆ. ಆರು ಸಾವಿರ ರೂಪಾಯಿಯ, 25 ಲೀಟರಿನ ರೆಸಿನ್ ಏಳುನೂರು ಲೀಟರ್ ನೀರಿಗೇ ಮುಗಿದುಹೋಯಿತು. ನಂತರ ಸಿಲಿಂಡರಿಗೂ ಮೊದಲು ಆರ್.ಓ. ಫಿಲ್ಟರ್ ಜೋಡಿಸಿ ಟಿ.ಡಿ.ಎಸ್. ಅರವತ್ತಕ್ಕೆ ಇಳಿಸಿ ಬಿಟ್ಟಾಗ ಅಷ್ಟೇ ರೆಸಿನ್ ಹತ್ತು ಸಾವಿರ ಲೀಟರಿಗೂ ಹೆಚ್ಚು ಬಾಳಿತು. ಮೀಟರಿನಲ್ಲಿ ಹತ್ತು ದಾಟಿದರೆ ಗಾಜಿನ ಮೇಲೆ ಚುಕ್ಕೆ ಉಳಿಯುತ್ತದೆ, ಆದ್ದರಿಂದ ಎಂಟಕ್ಕೇ ರೆಸಿನ್ ಬದಲಿಸುತ್ತೇನೆ.

ಇದೇ ಹುಚ್ಚಿನಲ್ಲಿ ಮಳೆನೀರನ್ನೂ ಎ.ಸಿ. ನೀರನ್ನೂ ಅಳೆದು ನೋಡಿದೆ. ತಾರಸಿಯ ಮೊದಲ ಮಳೆಯನ್ನು ಹರಿಯಬಿಟ್ಟು ಹಿಡಿದ ನೀರು ಮೂವತ್ತರೊಳಗಿತ್ತು, ಆದರೆ ಡ್ರಮ್ಮಿನಲ್ಲಿ ಎರಡು ವಾರಕ್ಕೆ ಪಾಚಿ ಕಟ್ಟಿತು. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಇನ್ನೂ ಶುದ್ಧವಾಗಿತ್ತು. ಪರಿಚಯದ ಎರಡು ಕಚೇರಿಗಳಲ್ಲಿ ಕ್ಯಾನ್ ಇಟ್ಟರೆ ದಿನಕ್ಕೆ ಐವತ್ತು ಲೀಟರ್ ಸಿಗುತ್ತಿತ್ತು. ಇದನ್ನು ನೋಡಿ ನಕ್ಕವರಿದ್ದರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದು, ವಾಹನ ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗ, ನಿವಾಸಿಗಳ ಸಂಘಗಳು ಮೊದಲು ನಿಲ್ಲಿಸಲು ಹೇಳಿದ್ದು ನಮ್ಮಂಥವರ ಕೆಲಸವನ್ನೇ. ನಾವು ಒಂದು ಮನೆಗೆ ಆರು ಲೀಟರ್ ಮಾತ್ರ ಬಳಸುತ್ತೇವೆ, ಅದನ್ನೂ ಹೊರಗಿನಿಂದ ಎ.ಸಿ. ನೀರಾಗಿ ತರುತ್ತೇವೆ ಎಂದು ಕ್ಯಾನ್‌ಗಳನ್ನು ಸಂಘದ ಕಚೇರಿಯ ಮುಂದೆ ಇಳಿಸಿ ತೋರಿಸಿದೆ. ಆಗಿದ್ದ ಎರಡು ತಂಡಗಳೂ ಆ ಬೇಸಿಗೆಯಲ್ಲಿ ಒಂದು ದಿನವೂ ಖಾಲಿ ಕೂರಲಿಲ್ಲ, ಮಾತ್ರವಲ್ಲ, ಅದೇ ಎರಡು ತಿಂಗಳಲ್ಲಿ ಎಪ್ಪತ್ತು ಹೊಸ ಮನೆಗಳು ಸೇರಿದವು.

ಕೆಲಸಗಾರರು ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. 2022ರ ದಸರೆಗೆ ಆರರಲ್ಲಿ ಐವರು ಊರಿಗೆ ಹೋದರು. ಊರಲ್ಲಿ ಹಬ್ಬವೆಂದರೆ ಇಲ್ಲಿ ಕಿಟಕಿಗೆ ಬೇಡಿಕೆ. ಎಪ್ಪತ್ತಕ್ಕೂ ಹೆಚ್ಚು ಮನೆಗಳು ಬಾಕಿ ಉಳಿದು ಅರವತ್ತು ಸಾವಿರದಷ್ಟು ಮುಂಗಡವನ್ನು ಹಿಂತಿರುಗಿಸಬೇಕಾಯಿತು. ಸಂಬಳ ಹೆಚ್ಚಿಸಿ ಅವರನ್ನು ತಡೆದು ನಿಲ್ಲಿಸಿ ಎಂದು ಹಲವರು ಸಲಹೆ ಕೊಟ್ಟರು. ಹಬ್ಬಕ್ಕೆ ತಾಯಿಯನ್ನು ನೋಡಲು ಹೊರಟವನನ್ನು ತಡೆಯಲು ನನಗೆ ಮನಸ್ಸಾಗಲಿಲ್ಲ. ಬದಲಿಗೆ ವೇಳಾಪಟ್ಟಿಯನ್ನೇ ಬದಲಿಸಿದೆ: ಹಬ್ಬದ ಸುತ್ತಿನ ಭೇಟಿಗಳು ನಲವತ್ತು ದಿನ ಮುಂಚೆಯೇ ಆರಂಭವಾಗಿ, ಹಬ್ಬದ ಹದಿನೈದು ದಿನ ಎಲ್ಲರಿಗೂ ಸಂಬಳ ಸಹಿತ ರಜೆ, ಬಸ್ ಖರ್ಚು ನನ್ನದು. ಮೂರು ತಿಂಗಳಿಗೊಮ್ಮೆ ಒರೆಸಿದ ಗಾಜು ನಲವತ್ತು ದಿನಕ್ಕೆ ಕೊಳೆಯಾಗಿ ಕಾಣುವುದಿಲ್ಲವಾದ್ದರಿಂದ ಮನೆಯವರೂ ಒಪ್ಪಿಕೊಂಡರು. ಆಮೇಲೆ ಇಬ್ಬರನ್ನು ಬಿಟ್ಟರೆ ಯಾರೂ ಕೆಲಸ ಬಿಟ್ಟಿಲ್ಲ. ಎಲ್ಲರಿಗೂ ವರ್ಷಕ್ಕೆ 20 ರೂಪಾಯಿಯ, ಎರಡು ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇನೆ, ಅದು ಸಾಲದೆಂದು ಬೇರೆ ಅಪಘಾತ ವಿಮೆಯೂ ಇದೆ.

ವಹಿವಾಟು 20 ಲಕ್ಷ ದಾಟಿದ ವರ್ಷ ಜಿ.ಎಸ್.ಟಿ. ಬಂತು. 18 ಶೇಕಡಾ ಸೇರಿಸಿದರೆ 4,800 ರೂಪಾಯಿಯ ಒಪ್ಪಂದ 5,664 ಆಗುತ್ತದೆ, ಮನೆಯವರಿಗೆ ಅದರಲ್ಲಿ ಒಂದು ಪೈಸೆಯೂ ಮರಳಿ ಸಿಗುವುದಿಲ್ಲ. ಲೆಕ್ಕಪರಿಶೋಧಕರ ಸಲಹೆಯಂತೆ ಸೇವೆಗಳಿಗಿರುವ ಕಾಂಪೊಸಿಷನ್ ಪದ್ಧತಿಗೆ (ಗ್ರಾಹಕರಿಂದ ತೆರಿಗೆ ವಸೂಲಿ ಮಾಡದೆ ವಹಿವಾಟಿನ ಮೇಲೆ ಕಡಿಮೆ ದರ ಕಟ್ಟುವುದು) ಸೇರಿ 6 ಶೇಕಡಾವನ್ನು ನನ್ನ ಕೈಯಿಂದಲೇ ಕಟ್ಟುತ್ತಿದ್ದೇನೆ. ತೆರಿಗೆ ಬಿಲ್ ಕೊಡಲಾಗದ ಕಾರಣ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಬೇಕೆನ್ನುವ ನಾಲ್ಕು ಕಚೇರಿಗಳು ಬಿಟ್ಟುಹೋದವು, ಮನೆಗಳು ಒಂದೂ ಹೋಗಲಿಲ್ಲ.

ಕಳೆದ ವರ್ಷ ಒಪ್ಪಂದದ ಮನೆಗಳಿಂದ ಇಪ್ಪತ್ತೊಂಬತ್ತು ಲಕ್ಷದಷ್ಟು, ವಿಲ್ಲಾ ಮತ್ತು ಗೃಹಪ್ರವೇಶದ ಮನೆಗಳಿಂದ ಹದಿನೈದು ಲಕ್ಷದಷ್ಟು ಬಂದಿದೆ. ಒಂಬತ್ತು ಮಂದಿಯ ಸಂಬಳ, ಮುದ್ರಾ ಸಾಲದಲ್ಲಿ ಕೊಂಡ ಹಳೆಯ ಗೂಡ್ಸ್ ಗಾಡಿಯ ಕಂತು, ರೆಸಿನ್, ಬಾಡಿಗೆ, ತೆರಿಗೆ ಎಲ್ಲ ಕಳೆದು ನನಗೆ ಉಳಿದದ್ದು ಹನ್ನೆರಡು ಲಕ್ಷದ ಆಸುಪಾಸು. ಬಳೆ ಬಿಡಿಸಿಕೊಟ್ಟು ಮೂರು ವರ್ಷವಾಯಿತು. ಕಾಂಪೊಸಿಷನ್ ಮಿತಿ 50 ಲಕ್ಷ. ಹರಳೂರಿನ ಒಂದು ಸಮುಚ್ಚಯದಿಂದ ನೂರಿಪ್ಪತ್ತು ಮನೆಗಳ ಮಾತುಕತೆ ನಡೆಯುತ್ತಿದೆ. ಅದನ್ನು ಒಪ್ಪಿಕೊಂಡರೆ ಮಿತಿಯ ಅಂಚಿಗೆ ಬರುತ್ತೇವೆ, ದಾಟಲೂಬಹುದು, ನಾಲ್ಕನೆಯ ತಂಡವೂ ಬೇಕಾಗುತ್ತದೆ. ಸುರಪುರದ ಹುಡುಗನೊಬ್ಬ ತಂಡ ನಡೆಸಲು ಸಿದ್ಧನಾಗಿದ್ದಾನೆ. ಶಟರಿಗೆ ಅರವತ್ತರ ದರವನ್ನು ಅರವತ್ತೆಂಟು ಮಾಡಿದರೆ ಹಳೆಯ ಮನೆಗಳು ಉಳಿಯುತ್ತವೆಯೇ ಎಂದು ತಿಳಿಯಲು ಈ ತಿಂಗಳು ಒಂದು ಬ್ಲಾಕಿನ ಮೂವತ್ತಾರು ಮನೆಗಳಲ್ಲಿ ಹೊಸ ದರ ಕೇಳಿದ್ದೇನೆ. ಈವರೆಗೆ ಇಪ್ಪತ್ತೊಂಬತ್ತು ಮನೆಯವರು ಒಪ್ಪಿ ಮುಂಗಡ ಕಳುಹಿಸಿದ್ದಾರೆ.