ಗೋದಾಮಿನ ಮಾಡಿನ ಮೇಲಿನ ಹವಾಮಾನ ಯಂತ್ರ: ನನ್ನ ಅನುಭವ

ಹೆಬ್ರಿ ಕಡೆಯ ಒಂದು ಸಹಕಾರಿ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದು. ಅಲ್ಲಿನ ಗೋದಾಮಿನ ಮಾಡಿನ ಮೇಲೆ ವೈಫೈ ಇರುವ ಹವಾಮಾನ ಯಂತ್ರ ಉಂಟು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರು ಬೋರ್ಡೋ ತಯಾರಿಸುವ ಮೊದಲು ಮೊಬೈಲ್‌ನಲ್ಲಿ ಅದರ ಲೆಕ್ಕ ನೋಡುತ್ತಾರೆ. ಹಾಗಾಗಿ ಆಫ್ ಮಾಡುವ ಮಾತೇ ಇಲ್ಲ. ಆದರೆ ಸಂಘದ ಲೆಕ್ಕಪತ್ರದ ಕಂಪ್ಯೂಟರ್‌ಗಳಿದ್ದ ನೆಟ್‌ವರ್ಕ್‌ನಲ್ಲೇ ಅದೂ ಇತ್ತು.

"ಮಳೆ ಅಳೆಯುವ ಡಬ್ಬಿ ಮಾರಾಯ್ರೆ, ಅದರಿಂದ ಏನು ಕದಿಯುತ್ತಾರೆ?" ಅಂತ ಮ್ಯಾನೇಜರ್ ಕೇಳಿದರು. ಮಳೆ ಲೆಕ್ಕ ಯಾರೂ ಕದಿಯುವುದಿಲ್ಲ, ನಿಜ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದದ್ದೂ ಅವುಗಳಲ್ಲಿ ಏನಿದೆ ಅಂತ ನೋಡಲಿಕ್ಕಲ್ಲ, ಅವುಗಳಿಂದ ಬೇರೆಯವರ ಮೇಲೆ ದಾಳಿ ಮಾಡಿಸಲಿಕ್ಕೆ. ಡೀಫಾಲ್ಟ್ ಪಾಸ್‌ವರ್ಡ್ ಹಾಗೇ ಇತ್ತು, ಅಷ್ಟೇ ಸಾಕಾಯಿತು. ಇಷ್ಟು ಹೇಳಿದ ಮೇಲೆ ಸ್ಕ್ಯಾನ್ ಮಾಡಲು ಒಪ್ಪಿದರು.

ಮೊದಲು ರೂಟರ್‌ನ ಡಿಎಚ್‌ಸಿಪಿ ಪಟ್ಟಿ, ಅಂದರೆ ಯಾವ ಸಾಧನಕ್ಕೆ ಯಾವ ಐಪಿ ವಿಳಾಸ ಕೊಟ್ಟಿದೆ ಅನ್ನುವ ಪಟ್ಟಿ, ತೆಗೆದೆ. ಪ್ರಿಂಟರ್, ಡಿವಿಆರ್, ಮೊಬೈಲ್‌ಗಳ ನಡುವೆ 'ಇಎಸ್‌ಪಿ' ಅಂತ ಶುರುವಾಗುವ ಕೆಲವು ಹೆಸರುಗಳಿದ್ದವು. ಸಾಧನದ ಗುರುತಾದ ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿ ವೈಫೈ ಚಿಪ್ ಮಾಡುವ ಎಸ್ಪ್ರೆಸಿಫ್ ಕಂಪನಿಯದ್ದು. ಅಷ್ಟಕ್ಕೇ ನಂಬುವ ಹಾಗಿಲ್ಲ, ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲೂ ಅದೇ ಚಿಪ್ ಇರುತ್ತದೆ. ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿದಾಗ ಒಂದರಲ್ಲಿ ಮಾತ್ರ ವೆಬ್ ಪುಟದ 80ನೇ ಪೋರ್ಟ್ ತೆರೆದಿತ್ತು. ಬ್ರೌಸರ್‌ನಲ್ಲಿ ಆ ಐಪಿ ಹಾಕಿದರೆ ಪಾಸ್‌ವರ್ಡ್ ಕೇಳದೆ ಸೆಟ್ಟಿಂಗ್ ಪುಟವೇ ಬಂತು. ಕೆಲವು ಯಂತ್ರಗಳನ್ನು ಹುಡುಕುವುದು ಇನ್ನೂ ಸುಲಭ. ಟೆಂಪೆಸ್ಟ್ ಅನ್ನುವ ಹವಾಮಾನ ಯಂತ್ರದ ಹಬ್ ಯುಡಿಪಿ 50222ನೇ ಪೋರ್ಟ್‌ನಲ್ಲಿ ಇಡೀ ನೆಟ್‌ವರ್ಕ್‌ಗೆ ಲೆಕ್ಕ ಒಪ್ಪಿಸುತ್ತಲೇ ಇರುತ್ತದೆ. ಡೇವಿಸ್ ಕಂಪನಿಯ ವೆದರ್‌ಲಿಂಕ್ ಲೈವ್ ಆದರೆ ಕೇಳಿದ ಮೇಲೆ 22222ರಲ್ಲಿ ಕಳಿಸುತ್ತದೆ.

ಆಮೇಲೆ ಸ್ವಿಚ್‌ನಲ್ಲಿ ಯಂತ್ರದ ಟ್ರಾಫಿಕ್‌ನ ನಕಲು ಬರುವ ಮಿರರ್ ಪೋರ್ಟ್ ಮಾಡಿ, ಅದನ್ನು ಓದುವ ವೈರ್‌ಶಾರ್ಕ್ ಹಾಕಿ ಕೂತೆ. ಯಂತ್ರ ಹೊರಗಿನ ಹವಾಮಾನ ಸೈಟ್‌ಗೆ ಕಳಿಸುತ್ತಿದ್ದದ್ದು ಬರೀ ಎಚ್‌ಟಿಟಿಪಿಯಲ್ಲಿ, ಅಂದರೆ ಗೂಢಲಿಪಿ ಇಲ್ಲದೆ, ತೆರೆದೇ. ಒಂದೇ ಉದ್ದ ಸಾಲು. ಮೊದಲು ಸ್ಟೇಷನ್ ಐಡಿ, ಪಕ್ಕದಲ್ಲೇ ಪಾಸ್‌ವರ್ಡ್, ಆಮೇಲೆ ಉಷ್ಣಾಂಶ 78.8. ಫ್ಯಾರನ್‌ಹೀಟ್ ಅದು, ನಮ್ಮ ಲೆಕ್ಕದಲ್ಲಿ 26 ಡಿಗ್ರಿ. ಮಳೆಯೂ ಇಂಚಿನಲ್ಲಿ. ಪಾಸ್‌ವರ್ಡ್ ಓದಿ ನೋಡಿದರೆ ಆಫೀಸಿನ ವೈಫೈಯದ್ದೇ! ಕೂರಿಸಿದವರು ನೆನಪಿಗೆ ಸುಲಭ ಅಂತ ಇಟ್ಟದ್ದಂತೆ. ಸಾಲದ್ದಕ್ಕೆ ರೂಟರ್‌ನಲ್ಲಿ, ಇಂಟರ್ನೆಟ್‌ನಿಂದ ಬಂದವರನ್ನು ನೇರ ಯಂತ್ರಕ್ಕೆ ಬಿಡುವ ಪೋರ್ಟ್ ಫಾರ್ವರ್ಡ್ ಬೇರೆ. ಕ್ಯಾಮೆರಾಕ್ಕೆ ಅಂತ ಬದಲಾಗದ ಸ್ಟ್ಯಾಟಿಕ್ ಐಪಿ ತೆಗೆದುಕೊಂಡಿದ್ದರು. ನನ್ನ ಮೊಬೈಲ್ ಡೇಟಾದಲ್ಲಿ ನೋಡಿದೆ, ಅದೇ ಸೆಟ್ಟಿಂಗ್ ಪುಟ ತೆರೆಯಿತು. ಮ್ಯಾನೇಜರ್‌ಗೆ ವಿಷಯ ಅರ್ಥವಾದದ್ದು ಆವಾಗ.

ಫಾರ್ವರ್ಡ್ ತೆಗೆದೆ, ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಸೆಟ್ಟಿಂಗ್ ಪುಟಕ್ಕೆ ಪಾಸ್‌ವರ್ಡ್ ಇಟ್ಟೆ. ವೈಫೈಯ ಪಾಸ್‌ವರ್ಡೂ ಬದಲಾಯಿತು. ಸೈಟ್‌ಗೆ ಬೇರೆಲ್ಲೂ ಬಳಸದ ಹೊಸ ಕೀ. ಅದೂ ತೆರೆದೇ ಹೋಗುತ್ತದೆ, ಆದರೆ ಕದ್ದವನಿಗೆ ಸಿಗುವುದು ನಮ್ಮ ಹೆಸರಲ್ಲಿ ಸುಳ್ಳು ಮಳೆ ಸುರಿಸುವ ಅವಕಾಶ ಮಾತ್ರ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲಿ ವೀವೆಕ್ಸ್ ಅನ್ನುವ ಹವಾಮಾನ ಸಾಫ್ಟ್‌ವೇರ್ ಹಾಕಿ, ಅದರಿಂದ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಗೂಢಲಿಪಿಯಲ್ಲಿ, ಕಳಿಸಬಹುದಿತ್ತು. ಬೇಡ ಅಂತ ಬಿಟ್ಟೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಊರಿನಲ್ಲಿ ಎಸ್‌ಡಿ ಕಾರ್ಡ್ ಕೆಟ್ಟರೆ ನೋಡುವವರು ಯಾರು?

ಜಾಸ್ತಿ ತಲೆ ತಿಂದದ್ದು ಯಂತ್ರವನ್ನು ಬೇರೆ ವಿಎಲ್‌ಎಎನ್‌ಗೆ, ಅಂದರೆ ಆಫೀಸಿನದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್‌ಗೆ, ಹಾಕಿದ ಮೇಲಿನ ಕೆಲಸ. ಅಲ್ಲಿಂದ ಆಫೀಸಿನ ಕಡೆಗೆ ಏನೂ ಹೋಗಬಾರದು, ಹೊರಗೆ ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಲು), ಎನ್‌ಟಿಪಿ (ಗಡಿಯಾರ ಸರಿಹೊಂದಿಸಲು) ಮತ್ತು ಅಪ್‌ಲೋಡ್ ಮಾತ್ರ. ಎನ್‌ಟಿಪಿ ಮುಚ್ಚಿದರೆ ಗಡಿಯಾರ ತಪ್ಪುತ್ತದೆ. ಈ ಯಂತ್ರ ದಿನದ ಮಳೆಯನ್ನು ಮಧ್ಯರಾತ್ರಿಗೆ ಸೊನ್ನೆ ಮಾಡುತ್ತದೆ. ಗಡಿಯಾರ ಸರಿ ಇಲ್ಲದಿದ್ದರೆ ರಾತ್ರಿ ಸುರಿದದ್ದು ಯಾವ ದಿನದ ಖಾತೆಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕ ಬೆಳಗ್ಗೆ 8.30ರಿಂದ ಮರುದಿನ 8.30ರ ತನಕ. ಎರಡೂ ಮೊದಲೇ ಹೊಂದುವುದಿಲ್ಲ, ಅದರ ಮೇಲೆ ಫೈರ್‌ವಾಲ್‌ನ ಗೊಂದಲವೂ ಬೇಕಾ?

ಹೀಗೆ ಬೇರೆ ಮಾಡಿದ ಮೇಲೆ ಕೌಂಟರ್‌ನ ಟಿವಿಯಲ್ಲಿ ಮಳೆ ಲೆಕ್ಕ ಬರುವುದು ನಿಂತಿತು. ಅದು ಯಂತ್ರದಿಂದ ನೇರ ಎಳೆದುಕೊಳ್ಳುತ್ತಿತ್ತು. ಯಂತ್ರಕ್ಕೆ ಡಿಎಚ್‌ಸಿಪಿಯಲ್ಲಿ ಐಪಿ ಖಾಯಂ ಮಾಡಿ, ಟಿವಿ ಪೆಟ್ಟಿಗೆಯಿಂದ ಆ ಐಪಿಯ 80ನೇ ಪೋರ್ಟ್‌ಗೆ ಮಾತ್ರ ಒಂದು ನಿಯಮ ಬರೆದೆ. ಕೇಳುವುದು ಟಿವಿ, ಯಂತ್ರದ್ದು ಉತ್ತರ ಮಾತ್ರ.

ಈ ಏರ್ಪಾಡಿಗೆ ಹ್ಯಾಕರ್‌ಗಿಂತ ಹತ್ತಿರದ ಶತ್ರು ಸಿಡಿಲು. ಸಿಡಿಲಿಗೆ ರೂಟರ್ ಸುಟ್ಟರೆ ಯಾರಾದರೂ ಹೊಸದು ತಂದು, ಎಲ್ಲವನ್ನೂ ಮತ್ತೆ ಒಂದೇ ವೈಫೈಗೆ ಹಾಕಿಬಿಡುತ್ತಾರೆ. ಅದಕ್ಕೆ ಕಾನ್ಫಿಗ್ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಹಾಕಿ ಮ್ಯಾನೇಜರ್ ಕೈಗೆ ಕೊಟ್ಟಿದ್ದೇನೆ. ಬೇರೆ ಮಾಡೆಲ್ ರೂಟರ್ ಬಂದರೆ ಆ ಫೈಲ್ ಹಿಡಿಸುವುದಿಲ್ಲ. ಹಾಗಾಗಿ ನಿಯಮಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ರೂಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿದೆ, ಪಾಸ್‌ವರ್ಡ್ ಬಿಟ್ಟು.